ಪಟ್ಟಿಯಲ್ಲಿ ಬರೆಯದ ಯಂತ್ರ

ನಾನು ಚರ್ಮ ಹೊಲಿಯುವ ಒಂದು ಯಂತ್ರ. ಲುಧಿಯಾನದ ಎರಕದ ಮನೆಯೊಂದರಲ್ಲಿ ಹುಟ್ಟಿದೆ. ಬಟ್ಟೆ ಹೊಲಿಯುವ ನನ್ನ ಅಕ್ಕತಂಗಿಯರ ಮೈಮೇಲೆ ಬಂಗಾರದ ಬಣ್ಣದ ಹೂಬಳ್ಳಿ ಬಿಡಿಸಿದರು, ನನಗೆ ಬರೀ ಕಪ್ಪು ಬಳಿದರು. ಚರ್ಮದ ಕೆಲಸಕ್ಕೆ ಹೂವು ಯಾಕೆ ಅಂದುಕೊಂಡಿರಬೇಕು. ಮನುಷ್ಯರ ಈ ಬುದ್ಧಿ ನನಗೆ ಹುಟ್ಟಿದ ದಿನವೇ ತಿಳಿಯಿತು.

ಮಿರಜಿನ ಚೀಲದ ವ್ಯಾಪಾರಿಯೊಬ್ಬನ ಬಳಿ ಹನ್ನೊಂದು ವರ್ಷ ದುಡಿದೆ. ಅವನು ಅಂಗಡಿ ಮುಚ್ಚಿದಾಗ ಅಥಣಿ ಕಡೆಯ ತುಕಾರಾಮ ಹೊನಕಾಂಬಳೆ ನನ್ನನ್ನು ಕೊಂಡು, ಬಸ್ಸಿನ ಮೇಲೆ ಹೇರಿಸಿ, ತನ್ನೂರಿನ ಸಮಗಾರ ಓಣಿಗೆ ತಂದ. ಅವನು ಹೊಲಿದ ಚಪ್ಪಲಿ ದೊಡ್ಡವರ ಮನೆಯ ಹೊಸ್ತಿಲವರೆಗೆ ಹೋಗುತ್ತಿತ್ತು. ಹೊಲಿದವನು ರಸ್ತೆಯಲ್ಲೇ ನಿಲ್ಲುತ್ತಿದ್ದ.

ಆ ಓಣಿಯಲ್ಲಿ ಹೆಂಗಸರು ಚರ್ಮದ ಎಳೆ ಹೆಣೆಯುತ್ತಿದ್ದರು, ಯಂತ್ರದ ಮುಂದೆ ಗಂಡಸರೇ ಕೂಡುತ್ತಿದ್ದರು. ತುಕಾರಾಮನ ಕಣ್ಣು ಮಂಜಾದ ಮೇಲೆ ಅವನ ಮಗಳು ಶೇವಂತಾ ನನ್ನ ಮುಂದೆ ಕುಳಿತಳು. ಗಂಡಸರು ನಕ್ಕರು. ಎರಡು ತಿಂಗಳಾದ ಮೇಲೆ ಅವರೇ ತಮ್ಮ ಹರಿದ ಚಪ್ಪಲಿಗಳನ್ನು ತಂದು, ಬೇರೆ ಕಡೆ ನೋಡುತ್ತಾ, ಅವಳ ಮುಂದಿಟ್ಟರು.

ಮಂಡಿನೋವು ಬಂದಾಗ ಅವಳು ನನಗೊಂದು ಸಣ್ಣ ಮೋಟಾರು ಜೋಡಿಸಿದಳು. ಹೆಣೆಯಲು ಮೂವರು ಹೆಂಗಸರು ಬಂದರು. ಆಗ ಪತ್ತಿನ ಸಂಘದವರು ಅವಳಿಗೆ ಹಾರ ಹಾಕಿ, ಫೋಟೋ ತೆಗೆಸಿ, ‘ಮಹಿಳಾ ಉದ್ಯಮಿ’ ಎಂದು ಕರೆದು, ಅಟ್ಟೆ ಕತ್ತರಿಸುವ ಪ್ರೆಸ್ಸಿಗೆ ಸಾಲ ಕೊಟ್ಟರು. ಅದನ್ನು ನಡೆಸಲು ಬಾಳು ಎಂಬವನು ಸೇರಿದ. ಒಂದೇ ವರ್ಷದಲ್ಲಿ ಪುಣೆಯ ದೊಡ್ಡ ವ್ಯಾಪಾರಿಯೊಬ್ಬ ಎರಡು ಸಾವಿರ ಜೊತೆ ಚಪ್ಪಲಿ ಮಾಡಿಸಿಕೊಂಡು, ದುಡ್ಡು ಕೊಡದೆ ಮಾಯವಾದ. ಸಂಘ ನೋಟಿಸು ಕಳಿಸಿತು. ಚರ್ಮ ಉದ್ರಿ ಕೊಟ್ಟಿದ್ದ ಸಾವಕಾರನೂ ಕಳಿಸಿದ.

ವಕೀಲೆ ನಸೀಮಾ ಮಮದಾಪುರ ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತು ಶೇವಂತಾಳಿಗೆ ತಿಳಿಸಿ ಹೇಳಿದರು. ದಿವಾಳಿ ಅರ್ಜಿ ಹಾಕಿದರೆ ಇದ್ದ ಆಸ್ತಿಯೆಲ್ಲ ಕೋರ್ಟಿನ ಕೈಗೆ ಹೋಗುತ್ತದೆ. ಆದರೆ ಕಂತಿನಲ್ಲಿ ತೀರಿಸುವ ಯೋಜನೆಯೊಂದನ್ನು ಮುಂದಿಡಬಹುದು. ಸಾಲ ಕೊಟ್ಟವರು ಒಪ್ಪಿ ಕೋರ್ಟಿಗೂ ಸರಿ ಕಂಡರೆ ಕಸುಬು ಉಳಿಯುತ್ತದೆ.

“ದಿವಾಳಿ ಅಂದ್ರ ಸಾಯೂದಲ್ಲವಾ. ದಮ್ಮ ತಗೊಳ್ಳೂದು,” ಅಂದರು.

ಶೇವಂತಾ ಆಸ್ತಿಯ ಪಟ್ಟಿ ಬರೆದಳು. ಪ್ರೆಸ್ ಬರೆದಳು, ಟಿವಿ ಬರೆದಳು, ಕಿವಿಯ ಓಲೆಯನ್ನೂ ಬರೆದಳು. ನನ್ನನ್ನು ಬರೆಯಲಿಲ್ಲ.

ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಕೋರ್ಟಿನ ರಿಸೀವರ್ ಪಟ್ಟಿ ಹಿಡಿದು ಬಂದವರು ನನ್ನನ್ನು ಕಂಡು ನಿಂತರು. ಸಾವಕಾರನ ವಕೀಲರಿಗೆ ಅಷ್ಟು ಸಾಕಾಯಿತು. ಆಸ್ತಿ ಮುಚ್ಚಿಟ್ಟಿದ್ದಾಳೆ, ಅರ್ಜಿ ವಜಾ ಮಾಡಿ, ಇವಳನ್ನು ಶಿಕ್ಷಿಸಿ, ಯಂತ್ರ ಹರಾಜು ಹಾಕಿ ಎಂದು ವಾದಿಸಿದರು. ನಾನು ಹೋದರೆ ಕಂತು ದುಡಿಯುವುದು ಯಾವುದರಿಂದ? ಆ ವಾರ ಅವಳು ದಿನಾ ನನ್ನ ಮೈ ಒರೆಸಿದಳು, ಕೆಲಸವಿಲ್ಲದಿದ್ದರೂ ಎಣ್ಣೆ ಬಿಟ್ಟಳು.

ಜಡ್ಜ್ ಸಾಹೇಬರು ತಾವೇ ನೋಡುತ್ತೇನೆಂದು ಒಂದು ಮಧ್ಯಾಹ್ನ ಶೆಡ್ಡಿಗೆ ಬಂದರು. ಎಲೆ ಅಡಿಕೆ ಹಾಕದ, ಮೆಲುದನಿಯ ಮನುಷ್ಯ. ಇದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದರು.

“ಆಸ್ತಿ ಬರೀರಿ ಅಂತಿತ್ರಿ,” ಅಂದಳು ಶೇವಂತಾ. “ಮಾರೂವಂಥಾವು ಬರದೀನ್ರಿ. ಆರಿ ಬರದಿಲ್ಲ, ರಂಪಿ ಬರದಿಲ್ಲ, ಇದನ್ನೂ ಬರದಿಲ್ಲ. ಎರಡು ಕೈ ಅದಾವು ಅಂತ ಯಾರರೆ ಬರೀತಾರೇನ್ರಿ?”

ಚುಚ್ಚುವ ಆರಿ, ಕೊಯ್ಯುವ ರಂಪಿ ಕುಶಲಕರ್ಮಿಯ ಉಪಕರಣ, ಅವನ್ನು ಜಪ್ತಿ ಮಾಡುವಂತಿಲ್ಲ, ಒಪ್ಪಿದೆ ಎಂದರು ಜೊತೆಗೆ ಬಂದಿದ್ದ ಸಾವಕಾರನ ವಕೀಲರು. ಆದರೆ ಇದಕ್ಕೆ ಮೋಟಾರಿದೆ, ಇಲ್ಲಿ ನಾಲ್ಕು ಆಳುಗಳಿದ್ದಾರೆ, ಇದು ಕಾರ್ಖಾನೆ, ಈಕೆ ಉದ್ಯಮಿ.

ಹೆಣೆಯುತ್ತಿದ್ದ ಭಾಗೂಬಾಯಿ ತಲೆ ಎತ್ತದೆಯೇ ಅಂದಳು: “ಮೊನ್ನೀತನಕ ಇವರು ನಮ್ಮನ್ನ ಕರೀತಿದ್ದ ಹೆಸರ ಬ್ಯಾರೆ ಇತ್ತ. ಕಸಗೊಳ್ಳೂ ಹೊತ್ತಿಗೆ ಉದ್ಯಮಿ ಆದ್ವಿ ನೋಡು.”

ಬರೆದುಕೊಳ್ಳುತ್ತಿದ್ದ ಗುಮಾಸ್ತ ಇದನ್ನೂ ಬರೆಯಬೇಕೇ ಎಂದು ಸಾಹೇಬರ ಮುಖ ನೋಡಿದ. ಅವರು ನನ್ನನ್ನೇ ನೋಡುತ್ತಿದ್ದರು.

“ಇದರ ಮುಂದ ಕೂಡೋರು ಯಾರು?”

“ನಾನರೀ.”

“ಆ ಪ್ರೆಸ್ಸಿಗೆ?”

ಶೇವಂತಾ ಪ್ರೆಸ್ಸಿನ ಕಡೆ ತಿರುಗಿದಳು. ಅದಕ್ಕೂ ನಾನೇ ಎಂದಿದ್ದರೆ ಅದೂ ಉಳಿಯುತ್ತಿತ್ತೇನೋ. ಬಾಳು ನೆಲ ನೋಡುತ್ತಿದ್ದ.

“ಅದನ್ನ ಬಾಳೂ ನಡಸತಾನ್ರಿ. ನನಗ ಬರಂಗಿಲ್ಲ.”

ಹದಿನೈದು ದಿನಕ್ಕೆ ಆದೇಶ ಬಂತು. ನಸೀಮಾ ವಕೀಲರು ಶೆಡ್ಡಿನಲ್ಲೇ ನಿಂತು ಕನ್ನಡ ಮಾಡಿ ಓದಿದರು. ಉಪಕರಣ ಹೌದೋ ಅಲ್ಲವೋ ಎಂಬುದಕ್ಕೆ ಗಾತ್ರ ಅಳತೆಯಲ್ಲ, ಮೋಟಾರೂ ಅಳತೆಯಲ್ಲ. ಅದರಲ್ಲಿ ದುಡಿಯುವ ಕೈ ಯಾರದು ಎಂಬುದೇ ಅಳತೆ. ಮಂಡಿ ಸೋತ ಕುಶಲಕರ್ಮಿ ಮೋಟಾರು ಹಾಕಿಕೊಂಡ ಮಾತ್ರಕ್ಕೆ ಕಾರ್ಖಾನೆದಾರಳಾಗುವುದಿಲ್ಲ. ಯಂತ್ರ ಇದೆಯೆಂದು ತಿಳಿಸದೇ ಇದ್ದದ್ದು ತಪ್ಪು, ಆದರೆ ವಂಚನೆಯಲ್ಲ. ಕಾನೂನೇ ಹೊರಗಿಟ್ಟದ್ದನ್ನು ಆಕೆ ಹೊರಗಿಟ್ಟಿದ್ದಾಳೆ.

ನಾನು ಉಳಿದೆ. ಪ್ರೆಸ್ ಟೆಂಪೋ ಹತ್ತಿತು. ಎರಡು ವರ್ಷ ನನ್ನ ಬದಿಯಲ್ಲೇ ಇದ್ದ ಅದು ಬೆಳಿಗ್ಗೆ ಒಮ್ಮೆ ಧಡ್ ಎಂದರೆ ನೆಲದ ಮೂಲಕ ನನಗೂ ತಿಳಿಯುತ್ತಿತ್ತು. ಬಾಳು ಸಕ್ಕರೆ ಕಾರ್ಖಾನೆಗೆ ಹೋದ. ಹೋಗುವಾಗ ನನ್ನ ಚಕ್ರವನ್ನು ಒಮ್ಮೆ ತಿರುಗಿಸಿ ಹೋದ.

ಮೂರು ವರ್ಷದ ಯೋಜನೆಗೆ ಸಂಘ ಒಪ್ಪಿತು. ಸಾವಕಾರನೂ ಒಪ್ಪಿದ, ಇವಳು ಮುಳುಗಿದರೆ ಅವನ ಚರ್ಮ ಕೊಳ್ಳುವವರು ಯಾರು? ಆ ಮೂರು ವರ್ಷ ನಾವಿಬ್ಬರೂ ಹೊಲಿದೆವು. ಕೊನೆಯ ಕಂತಿನ ರಸೀತಿ ತಂದ ದಿನ ಅವಳು ನನ್ನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗಿದಳು.

ತುಕಾರಾಮ ಮೂವತ್ತು ವರ್ಷ ಹೊಲಿದ. ಅವನನ್ನು ಯಾರೂ ಕುಶಲಕರ್ಮಿ ಎನ್ನಲಿಲ್ಲ. ಅವನ ಮಗಳಿಗೆ ಆ ಹೆಸರು ಬರಲು ದಿವಾಳಿಯಾಗಬೇಕಾಯಿತು. ಇದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ಈಗ ನನ್ನ ಕೊಕ್ಕೆ ಸವೆದಿದೆ, ದಾರ ಹಿಡಿಯುವುದಿಲ್ಲ. ಕಿಟಕಿ ಬದಿಯ ಮೂಲೆಯಲ್ಲಿದ್ದೇನೆ. ಹೋದ ವಾರ ಚಿಕ್ಕೋಡಿಯಿಂದ ದಸ್ತಗೀರ ಎಂಬ ವೆಲ್ಡಿಂಗ್ ಕೆಲಸದವನು ಹುಡುಕಿಕೊಂಡು ಬಂದ. ಅವನ ಮನೆಗೂ ನೋಟಿಸು ಬಂದಿದೆ. ಕೋರ್ಟಿನಲ್ಲಿ ಗೆದ್ದ ಮಷೀನು ಇದೇನಾ ಎಂದು ನನ್ನನ್ನು ನೋಡಿ, ಇಷ್ಟೇನಾ ಎಂಬಂತೆ ನಿಂತ.

“ಗೆದ್ದಿಲ್ಲಣ್ಣಾ,” ಅಂದಳು ಶೇವಂತಾ. “ಪ್ರೆಸ್ ಹೋತು, ಬಾಳೂ ಹೋದ. ದುಡೀಲಿಕ್ಕ ಬಿಟ್ರು, ಅಷ್ಟ. ನಿಮ್ಮ ಮಷೀನ ಹಿಡಿಯೋರು ಯಾರು?”

“ನಾನ.”

“ಖರೇ?”

ಅವನು ಸುಟ್ಟ ಕಲೆಗಳ ಮುಂಗೈ ಚಾಚಿದ. ಅವಳು ಸ್ಟೂಲು ಎಳೆದು ಕೊಟ್ಟಳು, ಚಹಾಕ್ಕೆ ಇಟ್ಟಳು. ಆಮೇಲೆ ನನ್ನ ಮೇಲಿನ ಧೂಳು ಸೆರಗಿನಿಂದ ಒರೆಸಿ, ಅವನ ಕಾಗದಗಳನ್ನು ನನ್ನ ಮೇಲೆ ಹರಡಿ, ಪಟ್ಟಿ ಬರೆಯಲು ಪೆನ್ನಿನ ಟೋಪಿ ತೆಗೆದಳು.