ಬಾಯಿ ಮುಚ್ಚುವ ಕೆಲಸ

ಹೊಸ ಕಿವಿಯಂತ್ರ ಕೊಳ್ಳಬೇಕೆಂದರೆ ಒಂದು ಹಳೆ ಸ್ಕೂಟರಿನಷ್ಟು ದುಡ್ಡು. ರಿಪೇರಿಗೆ ಕೊಟ್ಟರೆ ಅದರ ಕಾಲುಭಾಗ, ಮೇಲೆ ಕಾಯುವ ಕರ್ಮ. ಮನೆಯಲ್ಲೇ ಮಾಡಿಕೊಂಡರೆ ಅರ್ಧ ಚಮಚ ವಾರ್ನಿಷ್. ಅದನ್ನು ಕೆಡಿಸಿದ ಬೆವರು ಮಾತ್ರ ಪುಕ್ಕಟೆ.

ಕಿವಿಯಂತ್ರ ಅತ್ತೆಯದು. ಅತ್ತೆ-ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಮೇಜಿಗೆ ಕೂತು ಪಂಪುಗಳ ಸರ್ಕ್ಯೂಟ್ ಬೋರ್ಡು ಪರೀಕ್ಷಿಸಿ, ತೇವ ತಾಗದ ಹಾಗೆ ಅವಕ್ಕೆ ತೆಳುವಾಗಿ ವಾರ್ನಿಷ್ ಹೊದಿಸಿ ಕೊಡುತ್ತಿದ್ದರು. ಮೊದಲು ಮೀಟರಿನ ಸೂಜಿಗಳನ್ನು ಚಿಪ್‌ನ ಕಾಲುಗಳಿಗೆ ತಾಗಿಸಿ ನೋಡಬೇಕು. ಕೂಡಬಾರದ ಕಾಲುಗಳು ಕೂಡಿದ್ದರೆ ಮೀಟರು ಕೀಂ ಎನ್ನುತ್ತದೆ. ಕಿವಿಯಂತ್ರ ಕೆಟ್ಟು ಆ ಕೀಂ ಕೇಳಿಸದೆ ಅತ್ತೆ ಒಂದು ಕೆಟ್ಟ ಬೋರ್ಡನ್ನು ಪಾಸು ಮಾಡಿಬಿಟ್ಟರು. ಅದು ವಾಪಸು ಬಂದ ದಿನ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು.

"ನನ್ನ ಕೈಗೆ ಮೀಟರ್ ಕೊಡೋದೂ ಒಂದೇ, ಕುರುಡನ ಕೈಗೆ ಕನ್ನಡಿ ಕೊಡೋದೂ ಒಂದೇ. ಇನ್ಮೇಲೆ ನೀನೇ ನೋಡ್ಕೋ."

ಅತ್ತೆಯಿಲ್ಲದ ಮೇಜು ಸೊಸೆಗೆ ಬಣಬಣ ಅನ್ನಿಸಿತು. ಸೂಜಿ ಹಿಡಿಯಲು ಕಲಿಸಿದವರೇ ಅವರು. ವಾರ್ನಿಷ್ ಹಚ್ಚುವುದನ್ನು ಮಾತ್ರ ಹಿತ್ತಲಲ್ಲಿ ಒಬ್ಬರೇ ಮಾಡುತ್ತಿದ್ದರು, ಆ ಘಾಟು ಸೊಸೆಗೆ ಬಡಿಯಬಾರದೆಂದು. ಹೇಗಾದರೂ ಇವರನ್ನು ಮೇಜಿಗೆ ವಾಪಸು ಕೂರಿಸಬೇಕೆಂದು ಅವಳು ಕಿವಿಯಂತ್ರವನ್ನು ಬಿಚ್ಚಿದಳು. ಚಿಪ್‌ನ ಕಾಲುಗಳ ನಡುವೆ ಬೆವರಿನ ಉಪ್ಪು, ಹಸಿರು ಕಿಲುಬು. ಸ್ಪಿರಿಟ್ಟಿನಲ್ಲಿ ಉಜ್ಜಿ, ಒಣಗಿಸಿ, ಬ್ಯಾಟರಿ ಹಾಕಿದರೆ ಕುಯ್ಯೆಂದಿತು. ಇನ್ನು ಬೆವರು ಒಳಗೆ ನುಗ್ಗದ ಹಾಗೆ ವಾರ್ನಿಷ್ ಹಚ್ಚಿದರೆ ಆಯಿತು. ಅವಳು ಬ್ರಷ್ ಎತ್ತಿ ತೋರಿಸಿದಳು.

"ಅತ್ತೇ, ಹಚ್ಚಲಾ?"

ಬ್ರಷ್ ಕಂಡ ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಮೊದಲು ಬಾಯಿ ಮುಚ್ಚು!"

ಸೊಸೆಯ ಮುಖ ಸಣ್ಣದಾಯಿತು. ಒಳ್ಳೇದು ಮಾಡಹೊರಟವಳಿಗೆ ಇಂಥ ಮಾತೇ? ಬಾಯಿಗೆ ಬೀಗ ಹಾಕಿಕೊಂಡು ಒಂದಿಷ್ಟೂ ಜಾಗ ಬಿಡದೆ ಹಚ್ಚಿದಳು. ಒಣಗಿದ ಮೇಲೆ ಬ್ಯಾಟರಿ ಹಾಕಿದರೆ ಯಂತ್ರಕ್ಕೆ ಉಸಿರೇ ಇಲ್ಲ. ಅಳುಮೋರೆ ಹೊತ್ತು ಒಯ್ದು ಅತ್ತೆಯ ಅಂಗೈಯಲ್ಲಿಟ್ಟಳು.

ಅತ್ತೆ ಭೂತಗನ್ನಡಿ ಹಿಡಿದು ನೋಡಿದರು. "ಬಾಯಿ ಮುಚ್ಚು ಅಂದಿದ್ನಲ್ಲೇ!"

ಸೊಸೆ ಎರಡು ಬೆರಳಲ್ಲಿ ತನ್ನ ತುಟಿಗಳನ್ನು ಒತ್ತಿ ಹಿಡಿದು ತೋರಿಸಿದಳು. ಮುಚ್ಚಿದ್ದೇನಲ್ಲ, ನೋಡಿ!

ಅತ್ತೆ ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ನಕ್ಕರು ನೋಡಿ, ಭೂತಗನ್ನಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು.

"ನಿನ್ನ ಬಾಯಲ್ಲ ಕಣೇ, ಇದರ ಬಾಯಿ! ಬ್ಯಾಟರಿ ಕೂರೋ ತಗಡಿಗೆ ಮೊದಲು ಟೇಪ್ ಅಂಟಿಸ್ಬೇಕು. ಅದಕ್ಕೂ ವಾರ್ನಿಷ್ ಬಳಿದರೆ ಕರೆಂಟು ಎಲ್ಲಿಂದ ಬರಬೇಕು? ಮೈಕಿನ ತೂತಿಗೆ ಹನಿ ಬೀಳ್ಲಿಲ್ವಲ್ಲ, ನಮ್ಮ ಪುಣ್ಯ."

ವಾರ್ನಿಷ್ ಕರಗಿಸುವ ತಿನ್ನರಿನಲ್ಲಿ ಹತ್ತಿ ಅದ್ದಿ, ಸೊಸೆಯ ಮಣಿಕಟ್ಟು ಹಿಡಿದು, ತಗಡನ್ನಷ್ಟೇ ಒರೆಸಿಸಿದರು. ಬ್ಯಾಟರಿ ಕೂರಿಸಿದಾಗ ಯಂತ್ರ ಮತ್ತೆ ಕುಯ್ಯೆಂದಿತು. ಅತ್ತೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು.

ಸೊಸೆ ಗೋಡೆಯ ಕಡೆ ತಿರುಗಿ ಗೊಣಗಿದಳು: "ಟೇಪ್ ಹಾಕೋದಕ್ಕೆ ಬಾಯಿ ಮುಚ್ಚೋದು ಅಂತಾರಾ ಯಾರಾದ್ರೂ?"

"ನಾನು ಅಂತೀನಿ," ಎಂದರು ಅತ್ತೆ, ಮೊಳೆಯಿಂದ ಏಪ್ರನ್ ತೆಗೆಯುತ್ತ.

ಹೀಗೆ ಸ್ಕೂಟರಿನ ದುಡ್ಡು ಉಳಿಯಿತು, ಅತ್ತೆ ಮೇಜಿಗೆ ಮರಳಿದರು. ಸೊಸೆ ಕಳೆದುಕೊಂಡದ್ದು ಒಂದೇ: ಗೋಡೆಯ ಕಡೆ ತಿರುಗಿ ಗೊಣಗುವ ಸುಖ.