ಸೊನ್ನೆ ಸಿಗುವವರೆಗೆ

ಪೆಟ್ಟಿಗೆ ಇಟ್ಟಿದ್ದ ತಳ್ಳುಗಾಡಿಯ ಮುಂದಿನ ಚಕ್ರ ಕಿರುಗುಟ್ಟುವುದನ್ನು ಸಹಿಸಲಾರದೆ ಸೈಕಲ್ ರಿಪೇರಿಯವನು ಸಭಾಂಗಣದ ನಟ್ಟನಡುವೆ ಮೊಣಕಾಲೂರಿ ಕೂತ. ಕೋಟಿನ ಜೇಬಿನಿಂದ ಎಣ್ಣೆಯ ಪುಟ್ಟ ಡಬ್ಬಿ ತೆಗೆದು ಎರಡು ತೊಟ್ಟು ಬಿಟ್ಟ. ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವನ ಹೆಂಡತಿ. ಮೊನ್ನೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು, ಯಾರಿಗೂ ತೊಂದರೆ ಕೊಡದೆ.

"ಭಾವ! ಏಳಿ ಮೇಲೆ. ಜನ ನೋಡ್ತಿದಾರೆ."

ನಾದಿನಿ. ಹೆಂಡತಿಯ ತಂಗಿ, ಶಾಲೆಯೊಂದರ ಹೆಡ್‌ಮಿಸ್. ದುಃಖಕ್ಕೂ ಟೈಮ್‌ಟೇಬಲ್ ಹಾಕಿ ಬೆಲ್ ಹೊಡೆಯಬಲ್ಲವಳು.

"ನೋಡ್ಲಿ ಬಿಡು. ಅವಳಿಗೆ ಈ ಸದ್ದು ಆಗ್ತಿರಲಿಲ್ಲ."

"ಅಲ್ಲಾ, ಇವತ್ತೂ ಎಣ್ಣೆ ಡಬ್ಬಿ ಇಟ್ಕೊಂಡು ಬಂದಿದೀರಲ್ಲ!"

"ಕರ್ಚೀಫು ಇನ್ನೊಂದು ಜೇಬಲ್ಲಿದೆ ಕಣೆ."

ಅವಳು ಒಂದು ಹಾಳೆ ಕೈಗಿಟ್ಟಳು. "ಎಲ್ಲರೂ ಕೂತ್ಮೇಲೆ ಇದನ್ನ ಓದಿ. ನಿಮ್ಮ ಕಡೆಯಿಂದ ಏನೂ ಸೇರಿಸ್ಬೇಡಿ."

ಅವನು ಕನ್ನಡಕ ಏರಿಸಿ ನೋಡಿದ. ಗಣಕ ಕ್ಷೇತ್ರದ ಮಹಾನ್ ಸಾಧಕಿ. ತಂತ್ರಜ್ಞಾನ ಲೋಕದ ಧ್ರುವತಾರೆ.

"ಇದ್ಯಾರಮ್ಮ?"

"ಅಕ್ಕ! ಇನ್ಯಾರು?"

"ಅವಳು ಆಫೀಸಲ್ಲಿ ಏನು ಮಾಡ್ತಿದ್ಲು ಅಂತ ನಿಂಗೊತ್ತಾ?"

"ನಂಗೆಲ್ಲಿ ಗೊತ್ತು? ಗಂಡ ನೀವು."

ಅವಳು ಹೂವಿನವನ ಜೊತೆ ಜಗಳಕ್ಕೆ ಹೊರಟುಹೋದಳು. ಅವನು ಹಾಳೆ ಹಿಡಿದುಕೊಂಡು ನಿಂತ. ಎದುರಿನ ಬೆಂಚುಗಳಲ್ಲಿ ಅವಳ ಇಡೀ ಆಫೀಸು ಬಂದು ಕೂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ತಾನು ಅಲ್ಲಿ ನಿಂತು ಬಾಯಿ ತೆರೆಯಬೇಕು. ಹೆಂಡತಿಯ ಅರ್ಧ ಬದುಕು ಏನೆಂದು ತನಗೊಬ್ಬನಿಗೇ ಗೊತ್ತಿಲ್ಲ ಅನ್ನುವುದು ಎಲ್ಲರೆದುರು ಬಯಲಾಗಬೇಕು. ಅವಳೇ ಹೇಳಲಿಲ್ಲ. ಹೇಳಿದರೆ ಇವನ ತಲೆಗೆ ಹೋಗದು ಎಂದುಕೊಂಡಿದ್ದಳೋ ಏನೋ. ಸಾವಿಗಿಂತ ಆ ಅನುಮಾನ ಹಳೆಯದು, ಚೆನ್ನಾಗಿ ಬೇರುಬಿಟ್ಟದ್ದು.

*

ಮದುವೆಯ ಹೊಸತರಲ್ಲಿ ಅವನು ದಿನಾ ಕೇಳುತ್ತಿದ್ದ. ಗ್ರೀಸು ಮೆತ್ತಿದ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾ, "ಇವತ್ತೇನು ಮಾಡ್ದೆ?"

ಅವಳು ಚಪ್ಪಲಿ ಬಿಡುತ್ತಾ ಹೇಳುವಳು: "ಅಕ್ಷರ ಎಣಿಸ್ದೆ."

"ಎಷ್ಟಿತ್ತು?"

"ಎಷ್ಟು ಅಂತಿಲ್ಲ. ಸೊನ್ನೆ ಸಿಗೋವರೆಗೂ ಎಣಿಸ್ದೆ."

ಅವನು ನಗುತ್ತಿದ್ದ. ಇನ್ನೊಂದು ದಿನ: "ಇಲ್ಲಿದ್ದದ್ದನ್ನ ಅಲ್ಲಿಗೆ ನಕಲು ಮಾಡ್ದೆ." ಮತ್ತೊಂದು ದಿನ, ಸುಸ್ತಾಗಿ ಬಂದು ಕುರ್ಚಿಯಲ್ಲಿ ಕುಸಿದು: "ಸೊನ್ನೆ ತುಂಬಿಸ್ದೆ. ಬೆಳಗ್ಗೆಯಿಂದ ಬರೀ ಸೊನ್ನೆ."

"ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

"ನಿನ್ನ ಅಂಗಡಿಗಿಂತ ಜಾಸ್ತಿ ಕೊಡ್ತಾರೆ, ಸುಮ್ನಿರು."

ಒಮ್ಮೆ ಆಫೀಸಿನವರೆಲ್ಲ ಗಂಡ ಹೆಂಡಿರ ಸಮೇತ ಊಟಕ್ಕೆ ಸೇರಿದ್ದರು. ಅವಳು ಮತ್ತು ಒಬ್ಬ ಗಡ್ಡದವನು ಊಟ ಮುಗಿದರೂ ವಾದ ಮುಗಿಸಲಿಲ್ಲ. ಮೇಜು ಗುದ್ದಿದರು, ಕೈಒರೆಸುವ ಕಾಗದದ ಮೇಲೆ ಗೀಚಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳು ಅಷ್ಟು ನಕ್ಕದ್ದನ್ನು ಅವನು ಮನೆಯಲ್ಲಿ ನೋಡಿರಲಿಲ್ಲ. ದಾರಿಯಲ್ಲಿ ಕೇಳಿದ: "ಅಷ್ಟು ಹೊತ್ತು ಏನು ಮಾತಾಡಿದ್ರಿ?"

"ಎರಡು ಪದ ಒಂದೇನಾ, ಬೇರೇನಾ ಅಂತ."

ಹೇಳಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನಬಹುದಿತ್ತು. ಮಗುವಿಗೆ ಹೇಳಿದ ಹಾಗೆ ಹೇಳಬೇಕೇ? ಅಂದಿನಿಂದ ಅವನು ಕೇಳುವುದನ್ನು ಬಿಟ್ಟ. ಕೆಲವು ದಿನ ಅವಳು ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದಳು. ಆಮೇಲೆ ಅದೂ ತಪ್ಪಿತು. ಉಳಿದದ್ದರಲ್ಲಿ ಇಬ್ಬರೂ ಸುಖವಾಗಿಯೇ ಇದ್ದರು.

*

"ಮೊದಲಕ್ಕನ ಯಜಮಾನ್ರು ನೀವೇ ಅಲ್ವಾ?"

ಗಡ್ಡದವನು. ಗಡ್ಡ ಈಗ ಬೆಳ್ಳಗಾಗಿತ್ತು.

"ಯಾರು ಮೊದಲಕ್ಕ?"

"ಅವರೇ. ಆಫೀಸಲ್ಲಿ ಎಲ್ಲರೂ ಹಾಗೇ ಕರೀತಿದ್ವಿ. ಯಾವ ಪ್ರೋಗ್ರಾಮ್ ಶುರು ಮಾಡಿದ್ರೂ ಎಲ್ಲಕ್ಕಿಂತ ಮೊದಲು ಓಡೋದು ಅವರು ಬರೆದಿದ್ದು."

ರಿಪೇರಿಯವನು ಸುತ್ತ ನೋಡಿದ. ನಾದಿನಿ ದೂರದಲ್ಲಿದ್ದಳು. ದನಿ ತಗ್ಗಿಸಿ ಕೇಳಿದ: "ಸ್ವಲ್ಪ ಬಿಡಿಸಿ ಹೇಳಿ. ನಂಗೆ ಏನೂ ಗೊತ್ತಿಲ್ಲ."

ಗಡ್ಡದವನು ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. "ನೋಡಿ, ಒಂದು ಪ್ರೋಗ್ರಾಮಿಗೆ ಬೇಕಾದ ಸಾಮಾನು ಒಂದೇ ಕಡೆ ಇರಲ್ಲ. ಅದನ್ನೆಲ್ಲ ತಂದು ಜೋಡಿಸೋಕೆ ಒಬ್ಬ ಇರ್ತಾನೆ, ಲಿಂಕರ್ ಅಂತ. ಸಣ್ಣಪುಟ್ಟ ಕೆಲಸಕ್ಕೆಲ್ಲ ಆಗಲೇ ಬರೆದಿಟ್ಟ ಪ್ರೋಗ್ರಾಮುಗಳ ಒಂದು ದೊಡ್ಡ ಲೈಬ್ರರಿ ಇದೆ, ಎಲ್ಲರೂ ಅದನ್ನೇ ಬಳಸ್ತಾರೆ. ಆದ್ರೆ ಈ ಲಿಂಕರ್ ಪಾಪ, ಅವನು ಕೆಲಸ ಶುರು ಮಾಡೋವಾಗ ಆ ಲೈಬ್ರರಿ ಬಂದೇ ಇರಲ್ಲ."

"ಯಾಕೆ?"

"ತರಬೇಕಾದವನೇ ಅವನಲ್ವಾ!"

"ಓಹೋ. ಅಂಗಡಿ ಬೀಗದ ಕೈ ಅಂಗಡಿ ಒಳಗೇ ಬಿಟ್ಟ ಹಾಗೆ."

"ಅದೇ! ಅದಕ್ಕೆ ಅವನಿಗೆ ಬೇಕಾದ ನಾಲ್ಕು ಸಾಮಾನು ಅವನ ಜೊತೆಗೇ ಕಟ್ಟಿ ಕಳಿಸ್ಬೇಕು. ಚಿಕ್ಕದಾಗಿ, ಯಾರನ್ನೂ ನೆಚ್ಚದ ಹಾಗೆ. ಅದನ್ನ ಬರೆದೋರು ಮೊದಲಕ್ಕ. ಒಂದ್ಸಲ ಭಾರಿ ಪಜೀತಿ ಆಯ್ತು. ಸೊನ್ನೆ ತುಂಬಿಸೋಕೆ ಅಂತ ಬರೆದ್ರು. ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ಕಂಪೈಲರ್ ಇದೆಯಲ್ಲ, ಅದು ಮಹಾ ಬುದ್ಧಿವಂತ. 'ಓ, ಸೊನ್ನೆ ತುಂಬಿಸೋದಾ? ಅದಕ್ಕೆ ಆಗಲೇ ಒಬ್ಬರಿದಾರೆ, ಅವರನ್ನೇ ಕರೀತೀನಿ' ಅಂತ ಇವರು ಬರೆದದ್ದನ್ನ ತೆಗೆದುಬಿಡ್ತು. ಆ ಒಬ್ಬರು ಯಾರು? ಇವರೇ! ತನ್ನನ್ನ ತಾನೇ ಕರೀತಾ, ಕರೀತಾ, ಮೆಷಿನ್ ಮಕಾಡೆ. ಪ್ಲಂಬರ್‌ಗೆ ಫೋನ್ ಮಾಡಿದ್ರೆ ಅವನು ಪ್ಲಂಬರ್‌ಗೇ ಫೋನ್ ಹಚ್ಚಿದ ಹಾಗೆ."

ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ತಿರುಗಿ ನೋಡಿದಳು. ಅವನು ಕೆಮ್ಮಿದಂತೆ ಮಾಡಿ, ನಗು ಇಳಿದ ಮೇಲೆ ಹೇಳಿದ:

"ನೀವು ಇಷ್ಟು ಚೆನ್ನಾಗಿ ಹೇಳಿದ್ರಿ. ಅವಳು ಒಂದು ದಿನವೂ ಹೇಳಲಿಲ್ಲ. ಕೇಳಿದ್ರೆ ಅಕ್ಷರ ಎಣಿಸ್ದೆ ಅನ್ನೋಳು. ಎಷ್ಟು ಅಂದ್ರೆ..."

"ಸೊನ್ನೆ ಸಿಗೋವರೆಗೂ," ಅಂದ ಗಡ್ಡದವನು, ಮೂಗು ಒರೆಸಿಕೊಳ್ಳುತ್ತಾ.

"ಏನಂದ್ರಿ?"

"ಪದ ಎಲ್ಲಿ ಮುಗೀತು ಅಂತ ಮೆಷಿನ್‌ಗೆ ಗೊತ್ತಾಗ್ಬೇಕಲ್ಲ, ಕೊನೆಗೊಂದು ಸೊನ್ನೆ ಇಟ್ಟಿರ್ತಾರೆ. ಅದು ಸಿಗೋವರೆಗೂ ಎಣಿಸೋದು. ಎಣಿಸೋದು, ನಕಲು ಮಾಡೋದು, ಸೊನ್ನೆ ತುಂಬಿಸೋದು. ಅವರ ಕೆಲಸವೇ ಅದು."

"ಆವತ್ತು ಊಟದ ದಿನ..." ರಿಪೇರಿಯವನು ಅವನತ್ತ ತಿರುಗಿದ. "ನೀವಿಬ್ರೂ ಮೇಜು ಗುದ್ದಿ ಜಗಳ ಆಡಿದ್ರಲ್ಲ. ಯಾವ ವಿಷಯಕ್ಕೆ?"

"ಅಯ್ಯೋ, ಮರೆಯೋದುಂಟಾ! ಎರಡು ಪದ ಒಂದೇನಾ ಬೇರೇನಾ ಅಂತ ನೋಡೋದು ಹೇಗೆ ಅಂತ. ನಾನು ಸೋತೆ."

ರಿಪೇರಿಯವನು ಕೈಯಲ್ಲಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅದರಲ್ಲಿ ಬೆರಳಿನ ಎಣ್ಣೆ ಒರೆಸಿಕೊಂಡ.

ಮೈಕಿನ ಮುಂದೆ ನಿಂತಾಗ ಅವನ ಕೈ ಖಾಲಿಯಿತ್ತು. ನಾದಿನಿ ಮೊದಲ ಸಾಲಿನಿಂದ ಹುಬ್ಬಿನಲ್ಲೇ ಗದರಿದಳು.

"ನನ್ನ ಹೆಂಡತಿ ಅಕ್ಷರ ಎಣಿಸ್ತಿದ್ಲು," ಅಂದ. "ಸೊನ್ನೆ ಸಿಗೋವರೆಗೂ."

ಆಫೀಸಿನವರ ಬೆಂಚುಗಳಿಂದ ನಗು ಒಮ್ಮೆಲೇ ಸಿಡಿಯಿತು. ಒಬ್ಬಳು ನಗುತ್ತಲೇ ಅತ್ತಳು. ನೆಂಟರು ಮುಖ ಮುಖ ನೋಡಿಕೊಂಡರು.

"ದಿನಾ ಬಂದು ನಂಗೆ ನಿಜಾನೇ ಹೇಳಿದ್ಲು. ನಾನು ತಮಾಷೆ ಅಂದ್ಕೊಂಡೆ. ಇಷ್ಟೇ ನಾನು ಹೇಳೋದು."

*

ಮಣ್ಣು ಮುಗಿಸಿ ಹೊರಟಾಗ ಕಾರುಗಳ ಸಾಲು ಗೇಟಿನಲ್ಲಿ ನಿಂತುಬಿಟ್ಟಿತು. ಪಾರ್ಕಿಂಗ್ ಚೀಟಿ ನುಂಗುವ ಯಂತ್ರ ಕೆಟ್ಟಿತ್ತು. ಎಲ್ಲರಿಗಿಂತ ಮುಂದಿದ್ದದ್ದು ನಾದಿನಿಯ ಕಾರು. ಪಕ್ಕದಲ್ಲಿ ರಿಪೇರಿಯವನು, ಹಿಂದಿನ ಸೀಟಿನಲ್ಲಿ ಗಡ್ಡದವನು. ಕಾವಲುಗಾರ ಯಂತ್ರಕ್ಕೊಂದು ಗುದ್ದು ಕೊಟ್ಟ.

"ದಿನಾ ಇದೇ ಗೋಳು ಮೇಡಂ. ಆಫ್ ಮಾಡಿ ಆನ್ ಮಾಡ್ಬೇಕು."

ಗಡ್ಡದವನು ಕಿಟಕಿಯಿಂದ ತಲೆ ಹೊರಹಾಕಿದ. "ಅರೆ, ನಮ್ಮ ಆಫೀಸಿನದೇ ಮಾಲು!"

"ಹಾಗಾದ್ರೆ ಅವಳು ಬರೆದಿದ್ದೂ ಇದರೊಳಗಿದೆಯಾ?"

"ಇದೆ. ಆನ್ ಮಾಡಿದ ತಕ್ಷಣ ಬರೋರು ಅವರೇ."

"ಕೆಟ್ಟಿರೋದು ಅವಳದ್ದಾ?"

"ಛೆ ಛೆ. ಕೆಟ್ಟಿದ್ರೆ ನನ್ನದಿರುತ್ತೆ."

ರಿಪೇರಿಯವನು ಇಳಿದು ಯಂತ್ರದ ಎದುರು ನಿಂತ. ಕಾವಲುಗಾರ ಸ್ವಿಚ್ ಒತ್ತಿದ. ಪರದೆ ಕಪ್ಪಾಯಿತು. ಅದರಲ್ಲಿ ಅವನದೇ ಮುಖ ಕಂಡಿತು. ಕಣ್ಣು ಮಿಟುಕಿಸುವುದರೊಳಗೆ ಅಕ್ಷರಗಳು ಮೂಡಿದವು: ಸುಸ್ವಾಗತ. ನಾದಿನಿ ಚೀಟಿ ತುರುಕಿದಳು. ಅಡ್ಡಗಂಬ ಮೇಲೆದ್ದಿತು.

"ಎಲ್ಲಿ? ಯಾವಾಗ ಬಂದ್ಲು?"

"ಅಕ್ಷರ ಕಾಣೋ ಮುಂಚೆ," ಅಂದ ಗಡ್ಡದವನು. "ಬಂದು ಹೋದ್ರು."

ರಿಪೇರಿಯವನು ಕಾವಲುಗಾರನತ್ತ ತಿರುಗಿದ. "ಇನ್ನೊಂದ್ಸಲ ಆಫ್ ಮಾಡ್ತೀರಾ?"

"ಸರಿಹೋಯ್ತಲ್ಲ ಸಾರ್!"

"ಸರಿಹೋಗಿದೆ ಅಂತಲೇ ಕೇಳ್ತಿರೋದು."

ಹಿಂದಿನ ಸಾಲಿನಿಂದ ಯಾರೋ ಹಾರ್ನ್ ಹೊಡೆದರು. ನಾದಿನಿ ಭಾವನ ಮುಖವನ್ನೊಮ್ಮೆ ನೋಡಿ, ಕಾರಿನ ಎಂಜಿನ್ ನಿಲ್ಲಿಸಿದಳು. ಅವಳ ಹಿಂದಿನ ಕಾರೂ ನಿಂತಿತು, ಅದರ ಹಿಂದಿನದೂ. ಗಡ್ಡದವನು ಇಳಿದು ಹಿಂದಿನವರಿಗೆ ಮಾತು ದಾಟಿಸಿದ, ಬಾಗಿಲುಗಳು ತೆರೆದವು. ಕಪ್ಪು ಬಟ್ಟೆಯ ಜನ ಒಬ್ಬೊಬ್ಬರಾಗಿ ಬಂದು, ಹೆಗಲಿಗೆ ಹೆಗಲು ತಾಗಿಸಿ, ಆ ಅಂಗೈಯಗಲದ ಗಾಜಿನ ಮೇಲೆ ಬಾಗಿದರು. ಕಾವಲುಗಾರ ಏನೂ ತಿಳಿಯದೆ, ಆದರೂ ಯಾಕೋ ಟೋಪಿ ಸರಿಮಾಡಿಕೊಂಡು, ಸ್ವಿಚ್ಚಿನ ಮೇಲೆ ಬೆರಳಿಟ್ಟ.