ಅರ್ಧ ಸಿರಿಂಜು

ಶುಗರ್ ಇಳಿದರೆ ಕೈ ನಡುಗುತ್ತದೆ, ಬೆವರು ಒಡೆಯುತ್ತದೆ, ಎದೆ ಡವಡವ ಅನ್ನುತ್ತದೆ. ಹೆದರಿಕೆಯಾದರೂ ಅಷ್ಟೇ, ಅದೇ ನಡುಕ, ಅದೇ ಬೆವರು. ಬಂದದ್ದು ಯಾವುದೆಂದು ಗೊತ್ತಾಗದಿದ್ದರೆ ಬೇರೆಯವರು ಹೇಗೋ ಒಂದು ಕಡೆ ಕೂತು ಸುಧಾರಿಸಿಕೊಂಡಾರು. ಈ ಕ್ಷೌರಿಕನಿಗೆ, ಪಾಪ, ಆ ಭಾಗ್ಯವೂ ಇರಲಿಲ್ಲ. ಅವನ ಕೈಯಲ್ಲಿ ಕತ್ತಿ ಇರುತ್ತಿತ್ತು, ಕತ್ತಿಯ ಕೆಳಗೆ ಇನ್ನೊಬ್ಬರ ಕುತ್ತಿಗೆ.

ಹಾಗೆ ನೋಡಿದರೆ ಎಡವಟ್ಟಾದದ್ದು ಒಂದೇ ಸಲ. ಬೆಳಗಿನ ಇನ್ಸುಲಿನ್ ಚುಚ್ಚಿಕೊಂಡವನು ಗಿರಾಕಿಗಳ ಗಡಿಬಿಡಿಯಲ್ಲಿ ತಿಂಡಿ ಮರೆತಿದ್ದ. ಬ್ಯಾಂಕಿನ ಗುಮಾಸ್ತರ ಗಡ್ಡ ಹೆರೆಯುವಾಗ ಕೈ ಜಾರಿ ಕಿವಿಯ ಕೆಳಗೆ ಗೀರು ಬಿತ್ತು. ರಕ್ತ ಬಿಳಿ ಬಟ್ಟೆಗೆ ಇಳಿಯುವುದನ್ನು ಅವನು ಕನ್ನಡಿಯಲ್ಲಿ ಸುಮ್ಮನೆ ನೋಡುತ್ತ ನಿಂತಿದ್ದನಂತೆ. ಗುಮಾಸ್ತರು ದೊಡ್ಡ ಮನುಷ್ಯರು, ಬೈಯಲಿಲ್ಲ. ಮತ್ತೆ ಆ ಕಡೆ ತಲೆ ಹಾಕಲೂ ಇಲ್ಲ.

ಆಮೇಲೆ ಶುರುವಾಯಿತು ನೋಡಿ ಸಕ್ಕರೆಯ ಪುರಾಣ. ಬ್ರಷ್ಷು ಹಿಡಿದ ಕೈ ಒಂದಿಷ್ಟು ಅಲುಗಿದರೆ ಸಾಕು, ಡಬ್ಬಿಯಿಂದ ಒಂದು ಚಮಚ ಸಕ್ಕರೆ ಬಾಯಿಗೆ. ಹೆಂಡತಿ ಶುಗರ್ ನೋಡುವ ಮಿಷನ್ ತಂದುಕೊಟ್ಟು, ಮೊದಲು ನೋಡಿ, ಆಮೇಲೆ ತಿನ್ನಿ ಎಂದು ದಿನವೂ ಬೆನ್ನು ಹತ್ತಿದಳು. ನೋಡಿದರೆ ಪ್ರತಿ ಸಲವೂ ಶುಗರ್ ಏರಿಯೇ ಇರುತ್ತಿತ್ತು. ಅಂದರೆ ಬಂದದ್ದು ಬರೀ ಹೆದರಿಕೆ. ಚುಚ್ಚಿ ಚುಚ್ಚಿ ಎಡಗೈ ಬೆರಳ ತುದಿಗಳು ದಡ್ಡುಗಟ್ಟಿದವು. ಕತ್ತಿ ಹೋದ ಹಿಂದೆಯೇ ಆ ಬೆರಳುಗಳನ್ನು ಕೆನ್ನೆಯ ಮೇಲೆ ಆಡಿಸಿ ಉಳಿದ ಕೂದಲು ಹುಡುಕುವುದು ಅವನ ಪದ್ಧತಿ. ಈಗ ಹೆರೆದ ಕೆನ್ನೆಗೂ ಹೆರೆಯದ ಕೆನ್ನೆಗೂ ವ್ಯತ್ಯಾಸ ಸಿಗದಾಯಿತು.

ಇಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಮಹಾಶಯ ಇನ್ನೊಂದು ಘನಂದಾರಿ ಉಪಾಯ ಹುಡುಕಿಕೊಂಡಿದ್ದ. ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಡಾಕ್ಟರು ಹೇಳಿದ ಇನ್ಸುಲಿನ್‌ನಲ್ಲಿ ಅರ್ಧ ಮಾತ್ರ ಸಿರಿಂಜಿಗೆ ಎಳೆದುಕೊಳ್ಳುವುದು. ಶುಗರ್ ಯಾವಾಗಲೂ ಏರಿಯೇ ಇದ್ದರೆ ಇಳಿಯುವ ಮಾತೇ ಇಲ್ಲವಲ್ಲ. ಕಣ್ಣು ಮಂಜಾದರೆ, ಅಂಗಾಲು ಉರಿದರೆ, ಅದು ತನ್ನ ದೇಹದ ಪಾಡು. ಕುತ್ತಿಗೆ ಪರರದ್ದು. ಈ ಗುಟ್ಟನ್ನು ಕಟ್ಟಿಕೊಂಡವಳಿಗೂ ಹೇಳಲಿಲ್ಲ, ಡಾಕ್ಟರಿಗಂತೂ ಮೊದಲೇ ಇಲ್ಲ.

ಡಾಕ್ಟರು ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಇಷ್ಟು ಇನ್ಸುಲಿನ್‌ಗೂ ಬಗ್ಗುತ್ತಿಲ್ಲವೆಂದರೆ ಡೋಸ್ ಹೆಚ್ಚಿಸದೆ ಬೇರೆ ದಾರಿಯಿಲ್ಲ ಎಂದರು. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಅವಳೆದುರು ಬಾಯಿ ಬಿಡುವುದು ಹೇಗೆ? ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ಕೂತ. ಹೇಗಿದ್ದರೂ ಬಚ್ಚಲಲ್ಲಿ ಎಳೆದುಕೊಳ್ಳುವವನು ತಾನೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಾರನೆಯ ಬೆಳಿಗ್ಗೆ ಹೆಂಡತಿಯೇ ಸಿರಿಂಜು ಹಿಡಿದು ಎದುರು ನಿಂತಳು. ನಿಮ್ಮ ಮಂಜುಗಣ್ಣಿಗೆ ಗೆರೆ ಸರಿಯಾಗಿ ಕಾಣಿಸುತ್ತಿಲ್ಲ, ಅದಕ್ಕೇ ಶುಗರ್ ಬಗ್ಗುತ್ತಿಲ್ಲ, ಇನ್ನು ನಾನೇ ಹಾಕುತ್ತೇನೆ ಅಂದಳು. ನರ್ಸಮ್ಮನ ಹತ್ತಿರ ಕೂತು ಕಲಿತು ಬಂದಿದ್ದಳು. ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡಿದಳು, ಮತ್ತೊಮ್ಮೆ ನೋಡಿದಳು. ಬಹಳ ಕಾಲದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಅದನ್ನು ಕಂಡು ಅವನ ನಾಲಗೆ ಇನ್ನಷ್ಟು ಒಳಗೆ ಹೋಯಿತು. ಸುಮ್ಮನೆ ತೋಳು ಒಡ್ಡಿದ. ನಾಲ್ಕು ತುತ್ತು ಹೆಚ್ಚಿಗೆ ತಿಂದು ಅಂಗಡಿಗೆ ಬಂದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊತ್ತು ಏರಿದ ಮೇಲೆ ಟಪಾಲಣ್ಣ ಬಂದು ಕುರ್ಚಿಯಲ್ಲಿ ಕೂತ. ಅಂಚೆ ಹಂಚಿ ಹಂಚಿ ಕಾಲು ಸವೆಸಿ ಈಗ ಮನೆಯಲ್ಲಿರುವ ಮುದುಕ. ಗುಮಾಸ್ತರ ಗೀರಿನ ಸುದ್ದಿ ಕೇಳಿದ ಮೇಲೂ ಬರುವುದು ಬಿಟ್ಟವನಲ್ಲ. ತನ್ನ ಕುತ್ತಿಗೆಯಲ್ಲಿ ಹರಿಯುವುದಕ್ಕೆ ರಕ್ತವೇ ಉಳಿದಿಲ್ಲ, ಧೈರ್ಯವಾಗಿ ಹೆರೆ ಎಂದು ಆವತ್ತೂ ನಗಿಸಿದ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ನಡುಕ ಬಂತು. ಡಬ್ಬಿಯತ್ತ ಹೋದ ಕೈಯನ್ನು ಕ್ಷೌರಿಕ ತಾನೇ ಹಿಂದಕ್ಕೆಳೆದ. ಪ್ರತಿ ಸಲವೂ ಹೆದರಿಕೆಯೇ ಆಗಿತ್ತಲ್ಲ, ಇದೂ ಅದೇ ಎಂದುಕೊಂಡ. ಪುಕ್ಕಲ ಎಂದು ತನ್ನನ್ನೇ ಬೈದುಕೊಂಡ. ಮಿಷನ್ ಕೈಗೆಟುಕುವ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ. ಬೆಳಿಗ್ಗೆ ಮೈಗೆ ಹೋದದ್ದು ಅರ್ಧವಲ್ಲ, ಹೆಚ್ಚಿಸಿದ ಪೂರ್ತಿ ಡೋಸು; ತೆಗೆದರೆ ಏನು ತೋರಿಸೀತೆಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ.

ಹೆರೆದ ಕೆನ್ನೆಯನ್ನೇ ಮತ್ತೆ ಹೆರೆಯತೊಡಗಿದ. ನೊರೆಯಿಲ್ಲದ ಚರ್ಮದ ಮೇಲೆ ಕತ್ತಿ ಕರಕರ ಅಂದಿತು. ಟಪಾಲಣ್ಣ ಮಾತು ನಿಲ್ಲಿಸಿ ಕನ್ನಡಿ ನೋಡಿದ. ಕತ್ತಿ ಗಂಟಲ ಕಡೆಗೆ ಇಳಿಯುವಾಗ ಮುದುಕ ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡು ಒಳಮನೆಯತ್ತ ಕೂಗಿದ.

“ತಾಯೀ, ಸ್ವಲ್ಪ ಬೇಗ ಬಾಮ್ಮ.”

ಕಣ್ಣು ಬಿಟ್ಟಾಗ ಕ್ಷೌರಿಕ ನೆಲದ ಮೇಲೆ ಗೋಡೆಗೆ ಒರಗಿದ್ದ. ಬಾಯಿ, ಗದ್ದ, ಅಂಗಿಯೆಲ್ಲ ಸಕ್ಕರೆ ನೀರು. ಟಪಾಲಣ್ಣ ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡೇ ಲೋಟ ಹಿಡಿದು ಕೂತಿದ್ದ. ಮಿಷನ್‌ನಲ್ಲಿ ಶುಗರ್ ನಲವತ್ತೂ ಇರಲಿಲ್ಲವಂತೆ. ಹೆಂಡತಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಗೆರೆ ತಪ್ಪಿದೆನೋ, ಬಾಟಲಿ ತಪ್ಪಿದೆನೋ, ಕಲಿತದ್ದೇ ತಪ್ಪಾಯಿತೋ, ನನ್ನ ಕೈ ಸೇದಿಹೋಗ ಎಂದು ಗೋಳಾಡುತ್ತಿದ್ದಳು. ತಪ್ಪು ಅವಳ ತಲೆಗೆ ತಾನಾಗಿಯೇ ಬಂದು ಕೂತಿತ್ತು. ಕ್ಷೌರಿಕ ಸುಮ್ಮನಿದ್ದಿದ್ದರೆ ಅಲ್ಲೇ ಉಳಿಯುತ್ತಿತ್ತು. ಸುಮ್ಮನಿರಲು ಒಂದು ಗಳಿಗೆ ಮನಸ್ಸೂ ಮಾಡಿದ.

“ನಿನ್ನ ತಪ್ಪಲ್ಲ ಕಣೇ,” ಎಂದ ಕೊನೆಗೆ. “ಇಷ್ಟು ದಿನ ನಾನು ಅರ್ಧಾನೇ ಹಾಕ್ಕೊಳ್ತಿದ್ದೆ. ಡಾಕ್ಟರಿಗೂ ಹೇಳಿರಲಿಲ್ಲ.”

ಅವಳ ಅಳು ನಿಂತುಹೋಯಿತು. ಟಪಾಲಣ್ಣ ಲೋಟ ಕೆಳಗಿಟ್ಟು, ಟವೆಲಿನಲ್ಲಿ ನೊರೆ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಮೆಟ್ಟಿಲಿಳಿದು ಹೋದ.

“ನೀವು ಸತ್ತಿದ್ರೆ,” ಅಂದಳು ಅವಳು, “ನಾನೇ ಕೊಂದೆ ಅಂದ್ಕೊಂಡು ಸಾಯೋ ತನಕ ಬದುಕ್ಬೇಕಿತ್ತು. ಅದು ಗೊತ್ತಿದ್ದೂ ಬೆಳಿಗ್ಗೆ ತೋಳು ಒಡ್ಡಿದ್ರಲ್ಲ.”



ಡಾಕ್ಟರು ಬೈಯುವಷ್ಟು ಬೈದು ಹಳೆಯ ಡೋಸಿಗೇ ಇಳಿಸಿದರು. ಈಗ ಬಚ್ಚಲಿನ ಬಾಗಿಲು ತೆರೆದೇ ಇರುತ್ತದೆ. ಅವನು ಪೂರ್ತಿ ಎಳೆದು, ಅವಳನ್ನು ಕರೆದು ಗೆರೆ ತೋರಿಸುತ್ತಾನೆ. ಅವಳು ನೋಡಿ, ಸರಿ ಅನ್ನುತ್ತಾಳೆ. ನೀನೇ ಹಾಕು ಎಂದು ಅವನು ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ಅವನು ಚುಚ್ಚಿಕೊಂಡು ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಾಳೆ.